ಎರಡೂ ಕಡೆ ತಲೆಯಿದ್ದ ನಾಣ್ಯ

ಆತನಿಗೆ ಪೇಟೆಯಲ್ಲಿ ಭೂತಗನ್ನಡಿ ಎಂದೇ ಹೆಸರು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮನುಷ್ಯ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಊಟಕ್ಕೆ ಕೂತಾಗಲೂ ಹಣೆಯ ಮೇಲೇ ಇರುತ್ತಿತ್ತು. ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಜನ ಆತನ ಬಳಿ ಬರುತ್ತಿದ್ದುದು ನಾಣ್ಯ ಹಿಡಿದುಕೊಂಡು. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಭಾರಿ ಬೆಲೆಯಂತೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿರುತ್ತಿದ್ದರು. ಸೊಟ್ಟ ಅಚ್ಚಿನದು, ಅಂಚು ಹಾರಿದ್ದು, ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಎಲ್ಲವೂ ಬಂದು ಆತನ ಮೇಜಿಗೆ ಬೀಳುತ್ತಿದ್ದವು.

ಅಂಚು ಹೋದ ನಾಣ್ಯ ಬಂದರೆ ಆತ ಹೋದ ಅಂಚನ್ನು ನೋಡುತ್ತಲೇ ಇರಲಿಲ್ಲ. ಎದುರಿನ ಅಂಚು ನೋಡುತ್ತಿದ್ದ. ಟಂಕಸಾಲೆಯಲ್ಲೇ ಅಚ್ಚಿಲ್ಲದ ಖಾಲಿ ಬಿಲ್ಲೆ ತುಂಡಾಗಿ ಬಂದಿದ್ದರೆ, ಅಚ್ಚೊತ್ತುವಾಗ ಸರಿ ಎದುರಿನ ಅಂಚೂ ಮಸುಕಾಗುತ್ತದೆ. ಮನೆಯಲ್ಲಿ ಅರ ಹಿಡಿದು ಉಜ್ಜಿದವನಿಗೆ ಎದುರಿನ ಅಂಚಿನ ನೆನಪೇ ಇರುವುದಿಲ್ಲ. ಎರಡೂ ಕಡೆ ತಲೆಯಿರುವುದರ ಗುಟ್ಟು ಹಿಡಿಯುವುದಂತೂ ಇನ್ನೂ ಸುಲಭ. ಒಂದು ನಾಣ್ಯದ ಹೊಟ್ಟೆ ಕೊರೆದು, ಇನ್ನೊಂದರ ಮುಖವನ್ನು ತೆಳ್ಳಗೆ ತರಿದು, ಡಬ್ಬಿಗೆ ಮುಚ್ಚಳ ಹಾಕಿದಂತೆ ಕೂರಿಸಿರುತ್ತಾರೆ. ಅಂಚಿನ ಒಳಬದಿಯಲ್ಲಿ ಉಗುರಾಡಿಸಿದರೆ ಕೂದಲೆಳೆಯಷ್ಟು ಗೆರೆ ತಡೆಯುತ್ತದೆ. ಗಾಜಿನ ಮೇಲೆ ಬಿಟ್ಟರೆ ಟಣ್ ಎನ್ನುವುದಿಲ್ಲ, ಟಪ್ ಎನ್ನುತ್ತದೆ. ಜಾದೂಗಾರರ ಆಟಿಕೆ ಅದು.

ಆಟಿಕೆಯನ್ನು ಆಟಿಕೆ ಎಂದು ಆತ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಡುತ್ತಿದ್ದ. ಬಂದವರ ಮುಖ ಇಷ್ಟೇ ಇಷ್ಟಾಗುತ್ತಿತ್ತು. ಒಮ್ಮೆ ಬಂದವರು ಮತ್ತೆ ಆ ಮೆಟ್ಟಿಲ ಕಡೆ ತಲೆ ಹಾಕುತ್ತಿರಲಿಲ್ಲ. ಸುಳ್ಳು ಹೇಳದ ಮನುಷ್ಯ ಎಂದು ಎಲ್ಲರೂ ಹೊಗಳುತ್ತಿದ್ದರು, ದೂರದಿಂದ.

ಮನೆಯಲ್ಲಿ ಆತ ಒಬ್ಬನೇ. ಹೆಂಡತಿ ತೀರಿಕೊಂಡ ಮೇಲೆ, ಕುಕ್ಕರ್ ಸೀಟಿ ಹೊಡೆದರೆ "ಬಂದೆ, ಬಂದೆ" ಎಂದು ಉತ್ತರ ಕೊಡುವ ಅಭ್ಯಾಸವಾಗಿತ್ತು. ಆ ಮನೆಯಲ್ಲಿ ಆತನನ್ನು ಕರೆಯುತ್ತಿದ್ದುದು ಅದೊಂದೇ.

ಅಂಗಡಿಯ ಮೇಜಿನ ಖಾನೆಯಲ್ಲಿ, ಹಳೆಯ ವಾಚಿನ ಬೆಲ್ಟುಗಳ ಅಡಿಯಲ್ಲಿ, ಅವಳದೊಂದು ನಾಣ್ಯವಿತ್ತು. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಅಂಗೈಲಿಟ್ಟುಕೊಂಡು ಓಡಿ ಬಂದಿದ್ದಳು. "ರೀ, ಇಲ್ನೋಡಿ! ನಮ್ಮಪ್ಪ ಕೊಟ್ಟಿದ್ದು. ಎರಡೂ ಕಡೆ ತಲೆ! ಇದರ ಕಥೆ ಕೇಳಿ..."

ಕೇಳುವಷ್ಟು ಪುರುಸೊತ್ತು ಹೊಸ ಮದುವೆಗಂಡಿಗೆ ಎಲ್ಲಿ? ತನ್ನ ಜಾಣತನ ತೋರಿಸುವ ಆತುರ. ನಾಣ್ಯ ಕಿತ್ತುಕೊಂಡು ಗಾಜಿನ ಮೇಲೆ ಬಿಟ್ಟಿದ್ದ. "ಟಪ್ ಅಂತು ನೋಡು. ಜೋಡಿಸಿದ್ದಿದು. ನಿಮ್ಮಪ್ಪನಿಗೆ ಯಾರೋ ಟೋಪಿ ಹಾಕಿದಾರೆ."

"ಹೌದಾ?" ಎಂದು ನಕ್ಕು ಅವಳು ನಾಣ್ಯವನ್ನು ಡಬ್ಬಿಗೆ ಹಾಕಿದಳು. ಜಗಳವಿಲ್ಲ, ಮುನಿಸಿಲ್ಲ. ಚೆನ್ನಾಗಿಯೇ ಸಂಸಾರ ಮಾಡಿದರು. ಆದರೆ ಇನ್ನೆಂದೂ ಅವಳು ಏನನ್ನೂ ತಂದು "ಇಲ್ನೋಡಿ" ಎನ್ನಲಿಲ್ಲ. ಅದು ಆತನ ಗಮನಕ್ಕೆ ಬಂದದ್ದು ಅವಳು ಹೋದ ಮೇಲೆ. ಅಪ್ಪನ ಮೇಲಿನ ಅವಳ ನಂಬಿಕೆಯನ್ನು ಒಡೆದೆನಲ್ಲ ಎಂಬ ಕೊರಗು ಆಗ ಹತ್ತಿಕೊಂಡದ್ದು ಬಿಡಲಿಲ್ಲ.

ಒಂದು ಮಧ್ಯಾಹ್ನ ಮಹಡಿಯ ಮೇಲಿನ ದರ್ಜಿ ಹೆಂಗಸು ಇಳಿದು ಬಂದು, ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿರುವಂತೆಯೇ, ಮೇಜಿನ ಮೇಲೆ ಒಂದು ನಾಣ್ಯವಿಟ್ಟಳು. "ನಮ್ಮಣ್ಣಂದು, ಸಾರ್. ನೋಡಿ."

ಆತ ತಿರುಗಿಸಿ ನೋಡಿದ. ತಲೆ. ಮತ್ತೆ ತಿರುಗಿಸಿದ. ಅಲ್ಲೂ ತಲೆ. ಉಗುರಿಗೆ ಗೆರೆ ಸಿಕ್ಕಿತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಗಾಜಿನ ಮೇಲೆ ಬಿಡಲು ಕೈ ಬರಲಿಲ್ಲ. ಮೆಲ್ಲಗೆ ಕೆಳಗಿಟ್ಟ.

"ಅಪರೂಪದ್ದಮ್ಮಾ ಇದು. ಟಂಕಸಾಲೇಲೇ ಆಗಿರೋ ತಪ್ಪು. ಭದ್ರವಾಗಿ ಇಟ್ಕೊಳ್ಳಿ."

ಮಸೂರ ಹಿಡಿದ ಮೇಲೆ ಆತ ಹೇಳಿದ ಮೊದಲ ಸುಳ್ಳು. ಕಿವಿ ಬಿಸಿಯಾಯಿತು. ಆದರೂ ಎಂದೋ ಹೇಳಬೇಕಿದ್ದುದನ್ನು ಇಂದಾದರೂ ಹೇಳಿದೆ ಎಂದು ಎದೆ ಸ್ವಲ್ಪ ಹಗುರವಾಯಿತು.

ದರ್ಜಿ ಹೆಂಗಸು ಆತನ ಮುಖವನ್ನೇ ನೋಡಿ ಕಿಸಕ್ಕನೆ ನಕ್ಕಳು. "ಏನ್ ಸಾರ್ ನೀವು! ನಿಜ ಹೇಳೋರು ಅಂತ ಎಲ್ಲರೂ ಹೇಳ್ತಾರೆ, ನನ್ನ ಕಿವಿ ಮೇಲೇ ಹೂವ ಇಡ್ತೀರಲ್ಲ? ಇದು ಆಟದ್ದು. ನಂಗೆ ಚಿಕ್ಕವಳಿದ್ದಾಗ್ಲೇ ಗೊತ್ತು. ತಲೆ ಬಿದ್ರೆ ಪಾತ್ರೆ ನೀನು ತೊಳೀಬೇಕು ಅಂತ ಚಿಮ್ಮೋನು ನಮ್ಮಣ್ಣ. ಗೊತ್ತಿದ್ದೂ ತೊಳೀತಿದ್ದೆ. ಗೆದ್ದಾಗ ಅವನು ಕುಣಿಯೋದು ನೋಡ್ಬೇಕಿತ್ತು ನೀವು!" ನಗು ಅಲ್ಲಿಗೇ ನಿಂತಿತು. "ಹೋದ ತಿಂಗಳು ಹೋಗ್ಬಿಟ್ಟ."

"ಗೊತ್ತಿದ್ಮೇಲೆ ಯಾಕಮ್ಮಾ ತಂದ್ರಿ?"

"ಯಾರಿಗಾದ್ರೂ ತೋರಿಸ್ಬೇಕು ಅನ್ನಿಸ್ತು. ಅಷ್ಟೇ."

ಹಾಗಾದರೆ ತನ್ನ ಹೆಂಡತಿಗೂ ಗೊತ್ತಿತ್ತೇನೋ. ಅವಳ ಅಪ್ಪನಿಗೂ ಗೊತ್ತಿತ್ತೇನೋ. ನಿಜವೋ ಸುಳ್ಳೋ ಎಂದು ಅವಳು ಕೇಳಿಯೇ ಇರಲಿಲ್ಲ. ಖಾನೆ ಎಳೆದು, ಬೆಲ್ಟುಗಳನ್ನು ಸರಿಸಿ, ಆ ನಾಣ್ಯ ತೆಗೆದು ದರ್ಜಿ ಹೆಂಗಸಿನ ಮುಂದಿಟ್ಟ. "ಇಲ್ನೋಡಿ" ಎಂದ.

ಅವಳು ಎರಡೂ ಮಗ್ಗುಲು ತಿರುಗಿಸಿ ನೋಡಿದಳು. ಗೆರೆ ಹುಡುಕಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು. "ಅರೆ, ಇದೂ ಹಾಗೇ! ಯಾರದು ಸಾರ್?"

"ನಮ್ಮ ಮನೆಯವಳದು. ಅವರಪ್ಪ ಕೊಟ್ಟಿದ್ದು."

"ಹೌದಾ? ಏನಿದರ ಕಥೆ?"

ಆತ ಬಾಯಿ ತೆರೆದ. ಅದರ ತೂಕ ಹೇಳಬಲ್ಲ. ಎಲ್ಲಿ ಜೋಡಿಸಿದೆ, ಯಾವ ಕಡೆಯಿಂದ ಕೊರೆದಿದೆ, ಎಲ್ಲ ಹೇಳಬಲ್ಲ.

"ಗೊತ್ತಿಲ್ಲಮ್ಮಾ" ಎಂದ. "ಹೇಳೋಕೆ ಬಂದ್ಲು. ನಾನೇ ಕೇಳ್ಲಿಲ್ಲ."