ಅಪ್ಪ ಬಿಚ್ಚಿ ಹೊಲಿದ ಬಾವುಟ

ನಲವತ್ತೇಳರ ಜುಲೈ ಕೊನೆಯ ಒಂದು ಮಧ್ಯಾಹ್ನ, ಪತ್ರಿಕೆಯ ಒಂದು ಹಾಳೆಯನ್ನು ಎದೆಗೆ ಒತ್ತಿಕೊಂಡು ಕಾಲೇಜಿನಿಂದ ಚಿಕ್ಕಪೇಟೆಯ ತನಕ ಓಡಿಯೇ ಹೋದೆ. ಹತ್ತೊಂಬತ್ತರ ಹುಡುಗಿ ಸೀರೆ ಎತ್ತಿ ಹಿಡಿದು ಓಡುವುದನ್ನು ಕಂಡು ಜವಳಿ ಅಂಗಡಿಯವರೆಲ್ಲ ಬಗ್ಗಿ ಬಗ್ಗಿ ನೋಡಿದರು. ನೋಡಲಿ! ಸ್ವಾತಂತ್ರ್ಯಕ್ಕೆ ಇನ್ನು ಮೂರು ವಾರವೂ ಇರಲಿಲ್ಲ, ಬಾವುಟ ಬದಲಾಗಿತ್ತು, ಅದು ಅಪ್ಪನಿಗೆ ಗೊತ್ತಿರಲಿಲ್ಲ.

ಅಪ್ಪ ದರ್ಜಿ. ಓಣಿಯೊಳಗೆ ಒಂದು ಹೊಲಿಗೆ ಯಂತ್ರ ಹಿಡಿಸುವಷ್ಟೇ ಅಂಗಡಿ. ಅವರಿಗೆ ಸಹಿ ಹಾಕಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಾನು ಬಿ.ಎಸ್ಸಿ. ಗಣಿತಕ್ಕೆ ಸೇರಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಜಂಬದಿಂದಲೇ ಹೇಳುತ್ತಿದ್ದೇನೆ, ಆ ಮೆಟ್ಟಿಲು ಹತ್ತಲು ಪಟ್ಟ ಪಾಡು ನನಗೆ ಗೊತ್ತು.

ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಮೈದಾನವಿತ್ತು. ಅಲ್ಲಿ ಏರಿಸಲು ಅಪ್ಪ ಆಗಲೇ ಒಂದು ಬಾವುಟ ಹೊಲಿದಿಟ್ಟಿದ್ದರು. ಏರಿಸುವವರು ಪಕ್ಕದ ಮನೆಯ ಅಜ್ಜಿ. ಚಳವಳಿಯಲ್ಲಿ ಜೈಲು ಕಂಡು ಬಂದವರು. ಬಾವುಟದ ನಡುವಿನ ಬಿಳಿ ಪಟ್ಟಿ ಅವರೇ ನೂತ ನೂಲಿನ ಖಾದಿ. ಅದರ ಮೇಲೆ ಅಪ್ಪ ನೀಲಿ ಬಟ್ಟೆಯಲ್ಲಿ ಚರಕ ಕತ್ತರಿಸಿ ಹೊಲಿದಿದ್ದರು, ಹಿಡಿ, ಕದಿರು, ಮಣೆ ಒಂದೂ ಬಿಡದೆ.

"ಚರಕ ಇಲ್ವಂತಪ್ಪಾ! ಚಕ್ರ! ಅಶೋಕನ ಕಂಬದ ಚಕ್ರ. ಇಪ್ಪತ್ನಾಲ್ಕು ಕಡ್ಡಿ!" ಏದುಸಿರಿನಲ್ಲಿ ಓದಿ ಹೇಳಿದೆ. ಬಾವುಟ ಎರಡು ಕಡೆಯಿಂದಲೂ ಒಂದೇ ಥರ ಕಾಣಬೇಕು, ಚರಕವಾದರೆ ಹಾಗೆ ಕಾಣುವುದಿಲ್ಲ ಎಂಬ ಕಾರಣವನ್ನೂ ಓದಿದೆ.

ಯಂತ್ರದ ಮೇಲಿದ್ದ ಕಾಲು ನಿಂತಿತು. ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆಟ್ಟಿಗೆಯಿಂದ ಬಾವುಟ ತೆಗೆದು ಹಿಂದುಮುಂದು ತಿರುಗಿಸಿದರು. ಮುಂದೆ ಚಂದದ ಚರಕ. ಹಿಂದೆ ಬರೀ ಹೊಲಿಗೆಯ ಗೆರೆ, ಅದೂ ತಿರುವುಮುರುವು.

"ನಂಗಿದು ಹೊಲಿಯೋವಾಗ್ಲೇ ಕಂಡಿತ್ತು ಕಣೇ," ಎಂದರು. "ದೊಡ್ಡೋರು ಮಾಡಿದ್ದು, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ. ನಮ್ ಮಹಾರಾಜರ ಗಂಡಭೇರುಂಡ ನೋಡು. ಆ ಕಡೆ ಒಂದು ತಲೆ, ಈ ಕಡೆ ಒಂದು ತಲೆ. ಹೆಂಗೆ ತಿರುಗಿಸಿದ್ರೂ ಅದೇ ಹಕ್ಕಿ! ಅದನ್ನ ಬರೆದೋನು ದರ್ಜಿ ಮನೇಲಿ ಹುಟ್ಟಿರ್ಬೇಕು."

ನನಗೆ ಮೈ ಜುಮ್ಮೆಂದಿತು. ದಿಲ್ಲಿಯಲ್ಲಿ ಓದಿದವರು ಕೂತು ಯೋಚಿಸಿದ್ದನ್ನು ನಮ್ಮಪ್ಪ ಸೂಜಿ ಹಿಡಿದುಕೊಂಡೇ ಯೋಚಿಸಿದ್ದರು!

ಅಜ್ಜಿ ಮಾತ್ರ ಒಪ್ಪಲಿಲ್ಲ. ಸಂಜೆ ಅವರ ಜಗಲಿಯಲ್ಲಿ ದೊಡ್ಡ ಜಗಳ.

"ಚರಕ ತೆಗೀತೀಯಾ? ನನ್ ಬಟ್ಟೆ ನಂಗೆ ಕೊಟ್ಬಿಡು. ಹಗ್ಗ ಇನ್ಯಾರಾದ್ರೂ ಎಳೀಲಿ."

"ಅಮ್ಮಾವ್ರೇ, ದಿಲ್ಲೀಲಿ ಎಲ್ಲರೂ ಸೇರಿ ಒಪ್ಪಿದಾರಂತೆ."

"ನನ್ನ ಕೇಳಿದ್ರಾ? ಪೊಲೀಸರು ಎಳ್ಕೊಂಡು ಹೋಗೋವಾಗ ನನ್ ಕೈಲಿದ್ದಿದ್ದು ಚರಕದ ಬಾವುಟ."

ಅಪ್ಪ ಬಾವುಟವನ್ನು ಬೆಳಕಿಗೆ ಹಿಡಿದರು. "ನೀವು ಯಾವ ಕೈಲಿ ಚರಕ ತಿರುಗಿಸ್ತೀರಿ?"

"ಬಲಗೈಲಿ. ಇದೇನು ಪ್ರಶ್ನೆ?"

"ಈಗ ಹಿಂದೆ ಬಂದು ನೋಡಿ. ಹಿಡಿ ಎಡಗಡೆ ಹೋಯ್ತು. ಮೈದಾನದ ಆ ಕಡೆ ನಿಂತೋರಿಗೆಲ್ಲ ನೀವು ಎಡಗೈಲಿ ನೂತಂಗೆ ಕಾಣ್ತದೆ."

ಅಜ್ಜಿ ಎದ್ದು ಹಿಂದೆ ಹೋದರು, ಮುಂದೆ ಬಂದರು, ಮತ್ತೆ ಹಿಂದೆ ಹೋದರು. ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹಾಳಾಗ್ಹೋಗು, ಬಿಚ್ಚು. ಆದ್ರೆ ಇಪ್ಪತ್ನಾಲ್ಕು ಅಂದ್ರೆ ಇಪ್ಪತ್ನಾಲ್ಕೇ ಇರ್ಬೇಕು. ನಾನೇ ಎಣಿಸ್ತೀನಿ. ಒಂದು ಹೆಚ್ಚುಕಮ್ಮಿ ಆದ್ರೂ ಹಗ್ಗ ಮುಟ್ಟಲ್ಲ."

ಮಾರನೆಯ ದಿನ ಅಪ್ಪ ಬ್ಲೇಡಿನಿಂದ ಚರಕ ಬಿಚ್ಚಿದರು. ಬಿಳಿಯ ಖಾದಿಯ ಮೇಲೆ ಸೂಜಿಯ ತೂತುಗಳು ಸಾಲಾಗಿ ಉಳಿದವು. "ಒಂದ್ಸಲ ಒಗೆದ್ರೆ ಮುಚ್ಕೋತವೆ," ಎಂದರು.

ತೊಂದರೆ ಬಂದದ್ದು ಚಕ್ರದಲ್ಲಿ. ಅಪ್ಪನಿಗೆ ದುಂಡನೆಯದನ್ನು ಭಾಗ ಮಾಡಲು ಗೊತ್ತಿದ್ದದ್ದು ಒಂದೇ ದಾರಿ: ಲಂಗದ ಬಟ್ಟೆಯಂತೆ ಮಡಚುವುದು. ಕಾಗದವನ್ನು ದುಂಡಗೆ ಕತ್ತರಿಸಿ ಅರ್ಧ, ಅರ್ಧದ ಅರ್ಧ ಎಂದು ಮಡಚಿ ಬಿಡಿಸಿದರು. ಹದಿನಾರು ಗೆರೆ. ಇನ್ನೊಂದು ಮಡಿಕೆ. ಮೂವತ್ತೆರಡು!

"ಕಾಗದ ಸರಿಯಿಲ್ಲ," ಎಂದು ಇನ್ನೊಂದು ತೆಗೆದರು. ಮತ್ತೆ ಹದಿನಾರು, ಮತ್ತೆ ಮೂವತ್ತೆರಡು.

"ಹಾಗೆ ಎಷ್ಟು ಮಡಚಿದ್ರೂ ಬರಲ್ಲಪ್ಪಾ."

"ಮೂವತ್ತು ವರ್ಷದಿಂದ ಮಡಚ್ತಿದೀನಿ, ಇವಳು ಹೇಳಕ್ಕೆ ಬಂದ್ಲು."

"ಮೊದ್ಲು ಅರವತ್ತು ಡಿಗ್ರಿ ಗುರುತು ಮಾಡ್ಬೇಕು."

"ನನ್ ಟೇಪಲ್ಲಿ ಡಿಗ್ರಿ ಇಲ್ಲ. ಇಂಚಲ್ಲಿ ಹೇಳು."

ಆಗ ಅವರು ವೃತ್ತ ಎಳೆಯಲು ನಡುವಿನ ಗುಂಡುಸೂಜಿಗೆ ಕಟ್ಟಿದ್ದ ದಾರ ಕಣ್ಣಿಗೆ ಬಿತ್ತು. ಅದನ್ನೇ ಬಿಚ್ಚಿಕೊಂಡೆ. "ಈ ದಾರ ಈ ದುಂಡಿನ ಅಂಚಲ್ಲಿ ಎಷ್ಟು ಹೆಜ್ಜೆ ಹಾಕತ್ತೆ ನೋಡಿ." ದಾರದ ಎರಡೂ ತುದಿಯನ್ನು ಅಂಚಿನ ಮೇಲೇ ಬಿಗಿಹಿಡಿದು ಗುರುತು ಹಾಕುತ್ತ ಹೋದೆ. ಒಂದು, ಎರಡು, ಮೂರು... ಆರನೆಯ ಹೆಜ್ಜೆ ಹೊರಟ ಗುರುತಿಗೇ ಬಂದು ಕೂತಿತು.

ಅಪ್ಪ ಕನ್ನಡಕ ಏರಿಸಿದರು. "ಇನ್ನೊಂದ್ಸಲ ಮಾಡು." ಮಾಡಿದೆ. "ಒಂದು ನೂಲು ಹೆಚ್ಚಿಲ್ಲ, ಕಮ್ಮಿ ಇಲ್ಲ! ದೊಡ್ಡ ದುಂಡಾದ್ರೆ?" ಅದಕ್ಕೂ ಅದರದೇ ದಾರ, ಅದಕ್ಕೂ ಆರೇ ಎಂದೆ. ಅವರು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಆರರ ಗುರುತಿಗೆ ಮಡಚಿ, ಅದನ್ನು ಅರ್ಧ, ಮತ್ತೆ ಅರ್ಧ ಮಾಡಿ ಬಿಡಿಸಿದರು. ಇಪ್ಪತ್ನಾಲ್ಕು! ಓಣಿಗೆಲ್ಲ ಕೇಳುವ ಹಾಗೆ ಕೂಗಿದರು: "ನನ್ ಮಗಳು ಓದಿದ್ದು ಇದನ್ನ ಕಣ್ರೋ!" ಮುಂದೆ ಪದವಿಯ ಕಾಗದ ಕೈಗೆ ಬಂದಾಗಲೂ ನನಗೆ ಅಷ್ಟು ಖುಷಿಯಾಗಲಿಲ್ಲ.

ಕಡ್ಡಿಗಳನ್ನು ಅವರು ನೀಲಿ ದಾರದಲ್ಲಿ ಆಚೆಗೂ ಈಚೆಗೂ ಒಂದೇ ಸಲಕ್ಕೆ ಮೂಡುವಂತೆ ಹೊಲಿದರು. ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ ಬಾವುಟ ಅಜ್ಜಿಯ ಮಡಿಲಿಗೆ ಹೋಯಿತು. ಒಂದೊಂದು ಕಡ್ಡಿಯ ಮೇಲೂ ಬೆರಳಿಟ್ಟು ಎಣಿಸಿದರು.

"ಇಪ್ಪತ್ತಾರು."

ಅಪ್ಪನ ಮುಖ ಬಿಳಿಚಿತು. ಮರುಗಳಿಗೆಗೆ ನನಗೆ ಹೊಳೆಯಿತು: ಚಕ್ರಕ್ಕೆ ಮೊದಲೆಲ್ಲಿ, ಕೊನೆಯೆಲ್ಲಿ? ಅಜ್ಜಿ ಒಂದು ಸುತ್ತು ಮುಗಿಸಿ ಮುಂದಕ್ಕೆ ಹೋಗಿಬಿಟ್ಟಿದ್ದರು! ಜಡೆಯ ಪಿನ್ನು ತೆಗೆದು ಮೊದಲ ಕಡ್ಡಿಗೆ ಸಿಕ್ಕಿಸಿದೆ. ಮತ್ತೆ ಎಣಿಸಿದರು. ಪಿನ್ನಿನ ಹತ್ತಿರ ಬೆರಳು ನಿಂತಾಗ ಇಪ್ಪತ್ನಾಲ್ಕು.

"ಹೂಂ," ಎಂದರು ಅಜ್ಜಿ. ಅಷ್ಟೇ.

ಮುಂದೆ ಬಸವನಗುಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ, ಒಳ್ಳೆಯ ಬಾವುಟ ಎಂದರೆ ಎಂಥದು ಎಂದು ಮಕ್ಕಳು ಕೇಳುತ್ತಿದ್ದರು. ಯಾವ ದರ್ಜಿಯ ಕೈಗಾದರೂ ದಕ್ಕಬೇಕು, ಯಾವ ಕಡೆ ನಿಂತವರಿಗೂ ಒಂದೇ ಥರ ಕಾಣಬೇಕು ಎನ್ನುತ್ತಿದ್ದೆ. ಯಾವಾಗ ಬದಲಿಸಬೇಕು ಎಂದು ಕೇಳಿದರೆ, ಹಳೆಯದನ್ನು ಹಿಡಿದು ಪೆಟ್ಟು ತಿಂದವರನ್ನು ಮೊದಲು ಒಪ್ಪಿಸಿ ಆಮೇಲೆ ಎನ್ನುತ್ತಿದ್ದೆ. ಎರಡನ್ನೂ ನಾನು ಕಲಿತದ್ದು ಆ ಜಗಲಿಯಲ್ಲಿ.

ಹದಿನೈದರ ಬೆಳಿಗ್ಗೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿ ಹಗ್ಗ ಎಳೆದರು. ಬಾವುಟ ಬಿಚ್ಚಿಕೊಂಡಿತು, ಗಾಳಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿತು. ಎರಡು ಕಡೆಯಿಂದಲೂ ಜೈಕಾರ! ಆಗಲೇ ಬಿಸಿಲು ಬಾವುಟದ ಹಿಂದೆ ಬಂತು. ಕಂಬದ ಬುಡದಲ್ಲಿದ್ದ ನಾವು ಮೂವರು ಕತ್ತೆತ್ತಿದೆವು. ಒಗೆದರೂ ಚರಕ ಬಿಚ್ಚಿದ ತೂತುಗಳು ಮುಚ್ಚಿಕೊಂಡಿರಲಿಲ್ಲ. ಚಕ್ರದ ಸುತ್ತ ಬೆಳಕಿನ ಚುಕ್ಕಿಗಳಲ್ಲಿ ಮಣೆ, ಕದಿರು, ಹಿಡಿ ಎಲ್ಲ ಮೂಡಿದ್ದವು.

ಅಜ್ಜಿ ಹಗ್ಗ ಬಿಡದೆ ಅಪ್ಪನ ಕಡೆ ಬಾಗಿದರು. "ಇನ್ನೂ ಅಲ್ಲೇ ಇದೆ ಕಣೋ."

"ಮೆಲ್ಲಗೆ ಅಮ್ಮಾವ್ರೇ," ಎಂದರು ಅಪ್ಪ, "ದರ್ಜಿ ಕೆಲ್ಸ ಸರಿಯಿಲ್ಲ ಅಂದಾರು."

ಅಜ್ಜಿ ಗಟ್ಟಿಯಾಗಿ ನಕ್ಕು, ಹಗ್ಗವನ್ನು ಕಂಬಕ್ಕೆ ಬಿಗಿದು ಗಂಟು ಹಾಕಿದರು.