ಕೈ ಕಟ್ಟಿ ನಿಲ್ಲುವ ಪಾಠ

ವಿನ್‌ಸ್ಟನ್ ಕ್ರಾಸ್ತಾ ಕಲಿಯುತ್ತಿದ್ದ ವಿದ್ಯೆಯ ಸಾರ ಇಷ್ಟೇ: ಜನ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವಂತೆ ಮಾಡುವುದು. ಲಕ್ವ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು ಮತ್ತೆ ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳಬೇಕು, ತಲೆ ಬಾಚಿಕೊಳ್ಳಬೇಕು, ತಟ್ಟೆಯಿಂದ ಬಾಯಿಗೆ ತುತ್ತು ಒಯ್ಯಬೇಕು. ಇದಕ್ಕೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ಈ ವಿದ್ಯೆ ಕಲಿಯಲು ಅವನು ಬೆಳಿಗ್ಗೆ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿದ್ದ ಮನೆಯಿಂದ ಹೊರಡುವಾಗ ಅಂಗಿಗೆ ಇಸ್ತ್ರಿ ಹಾಕಿರುತ್ತಿದ್ದವರು, ಬುತ್ತಿ ಕಟ್ಟಿ ಚೀಲದಲ್ಲಿ ಇಟ್ಟಿರುತ್ತಿದ್ದವರು, ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುಗಿಸಿ ನೋಡಿರುತ್ತಿದ್ದವರು ಅವನ ತಾಯಿ ಹೆಲೆನ್. ಅವನಿಗೆ ಇಪ್ಪತ್ತೆರಡು ತುಂಬಿತ್ತು.

ಹೆಲೆನ್ ಮದುವೆಗೆ ಮುಂಚೆ ಮೂಡುಬಿದಿರೆಯ ಶಾಲೆಯೊಂದರಲ್ಲಿ ಕನ್ನಡ ಟೀಚರಾಗಿದ್ದವರು. ಗಂಡನ ಕೆಲಸದ ಜೊತೆ ಮಲೇಷ್ಯಾಕ್ಕೆ ಬಂದ ಮೇಲೆ ಅವರ ಪಾಲಿಗೆ ಉಳಿದ ವಿದ್ಯಾರ್ಥಿ ಮಗನೊಬ್ಬನೇ. ಹೀಗಾಗಿ ಅಕ್ಕಪಕ್ಕದ ಭಾರತೀಯ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಊರಿನಲ್ಲಿ ವಿನ್‌ಸ್ಟನ್ ಪಾಠಪುಸ್ತಕದಂಥ ಕನ್ನಡ ಮಾತಾಡುತ್ತಿದ್ದ. ಅದರಿಂದ ತನಗೊಂದು ದಿನ ಕಷ್ಟ ಬಂದೀತು ಎಂದು ಅವನು ಎಣಿಸಿರಲಿಲ್ಲ.

ಅವನು ಎಂಜಿನಿಯರಿಂಗ್ ಸೇರಿ ಮೊದಲ ವರ್ಷದಲ್ಲೇ ಬಿಟ್ಟವನು. ಆಮೇಲೆ ಸಿಕ್ಕಿದ್ದು ಈ ದಾರಿ: ವಾರದಲ್ಲಿ ನಾಲ್ಕು ದಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಕೆಲಸ, ಒಂದು ದಿನ ನಿಲಾಯ್‌ನಲ್ಲಿ ತರಗತಿ. ಕೆಲಸ ಮಾಡುತ್ತಲೇ ಪದವಿ. ಆದರೆ ಕೇಂದ್ರದವರು ಪ್ರತಿ ಹಂತದಲ್ಲೂ ‘ಇವನಿಗೆ ಕೆಲಸ ಬರುತ್ತದೆ’ ಎಂದು ಒಪ್ಪಬೇಕು. ಒಂದೇ ಪರೀಕ್ಷೆಯಲ್ಲಿ ಎರಡು ಸಲ ಸೋತರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಪದವಿಯೂ ಹೋಗುತ್ತದೆ. ಎರಡನೆಯ ಸಲವೂ ಓದು ಬಿಟ್ಟವನು ಎಂಬ ಹೆಸರು ಹೊತ್ತು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಲ್ಲುವುದನ್ನು ನೆನೆದಾಗಲೆಲ್ಲ ಅವನು ಮತ್ತೆ ಪುಸ್ತಕ ತೆರೆದು ಕೂರುತ್ತಿದ್ದ.

ಅವನು ಈಗ ತಲುಪಿದ್ದ ಹಂತದ ಪರೀಕ್ಷೆ ಕೇಳಲು ತೀರಾ ಸುಲಭ. ರೋಗಿ ಕೇಂದ್ರದ ಅಡುಗೆಮನೆಯಲ್ಲಿ ತನಗೆ ಒಗ್ಗಿದ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮಾಡಬೇಕು. ಕಲಿಯುವವನು ಪಕ್ಕದಲ್ಲಿ ನಿಂತು ನೋಡಬೇಕು. ಅಪಾಯ ಎದುರಾದರೆ ಹೊರತು ಯಾವುದಕ್ಕೂ ಕೈ ಹಾಕಬಾರದು, ಬೇರೆಯವರು ಹಾಕದಂತೆಯೂ ನೋಡಿಕೊಳ್ಳಬೇಕು.

ಮೇಲ್ವಿಚಾರಕಿ ರೋಹಾನಾ ಅವನಿಗೆ ರತ್ನಮ್ಮನವರನ್ನು ಒಪ್ಪಿಸಿದರು. ಮೈಸೂರು ಕಡೆಯ ರತ್ನಮ್ಮ ಸುಬಾಂಗ್ ಜಯಾದಲ್ಲಿರುವ ಮಗ ಸದಾನಂದನ ಮನೆಗೆ ಬಂದಾಗ ಲಕ್ವ ಹೊಡೆದು ಬಲಗೈ ಸೋತಿತ್ತು. “ನಿನಗೆ ಅವರ ಭಾಷೆ ಬರುತ್ತದೆ. ಅದೃಷ್ಟವಂತ ಲಾ,” ಎಂದರು ರೋಹಾನಾ, ಅಲ್ಲಿನವರ ರೂಢಿಯಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ. ವಿನ್‌ಸ್ಟನ್ ಬಹಳ ಯೋಚಿಸಿ ಕೆಲಸವನ್ನು ಆರಿಸಿದ: ಫಿಲ್ಟರ್ ಕಾಫಿ. ಮೈಸೂರಿನವರು, ವಯಸ್ಸಾದವರು, ಇದಕ್ಕಿಂತ ಒಗ್ಗಿದ್ದು ಇನ್ನೇನಿದ್ದೀತು? ಕಾರಣವನ್ನು ವರದಿಯಲ್ಲಿ ಅಂದವಾಗಿ ಬರೆದ.

ಮೊದಲ ಪರೀಕ್ಷೆಯ ದಿನ ರತ್ನಮ್ಮ ಸಕ್ಕರೆ ಡಬ್ಬಿಯ ಮುಂದೆ ನಿಂತು ಅವನ ಮುಖ ನೋಡಿದರು.

“ಏನಪ್ಪ, ಗೊಂಬೆ ಥರ ನಿಂತಿದೀಯಲ್ಲ. ಈ ಮುಚ್ಚಳ ತೆಗಿ.”

“ಅದನ್ನು ತಾವೇ ತೆಗೆಯಬೇಕು ಅಜ್ಜಿ. ನಾನು ಸಹಾಯ ಮಾಡುವ ಹಾಗಿಲ್ಲ.”

“ತಾವಂತೆ ತಾವು. ನಾಟಕದ ಕಂಪನಿಯವನ ಹಾಗೆ ಮಾತಾಡ್ತಾನೆ. ನಿಮ್ಮಮ್ಮ ಇದೇನಾ ಕಲಿಸಿದ್ದು? ವಯಸ್ಸಾದೋಳು ಒದ್ದಾಡ್ತಿದ್ರೆ ಕೈ ಕಟ್ಕೊಂಡು ನೋಡು ಅಂತ?”

ನಿಜಕ್ಕೂ ಅವನಮ್ಮ ಅದನ್ನು ಕಲಿಸಿರಲಿಲ್ಲ. ವಿನ್‌ಸ್ಟನ್ ಮುಚ್ಚಳ ತೆಗೆದ. ಆಮೇಲೆ ಹಾಲಿನ ಪೊಟ್ಟಣ ಕತ್ತರಿಸಿದ. ಆಮೇಲೆ ಒಲೆ ಹಚ್ಚಿದ. ರತ್ನಮ್ಮ ಕುರ್ಚಿಯಲ್ಲಿ ಕೂತು, “ಡಿಕಾಕ್ಷನ್ ಇನ್ನೊಂಚೂರು ಬಿಡು, ಕಂಜೂಸ್ ಮಾಡ್ಬೇಡ,” ಎಂದು ಹೇಳಿಕೊಟ್ಟರು. ಕಾಫಿ ಚೆನ್ನಾಗಿಯೇ ಆಯಿತು. “ನೀನೇ ಕುಡಿಯಪ್ಪ, ಬಾಡಿ ಹೋಗಿದೀಯ,” ಎಂದು ಲೋಟವನ್ನು ಅವನತ್ತ ತಳ್ಳಿದರು. ಅದು ಪ್ರೀತಿ ಎಂದುಕೊಂಡು ಅವನು ಕುಡಿದ.

ರೋಹಾನಾ ಒಂದು ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಿದ್ದರು. “ಬಹಳ ಒಳ್ಳೆಯ ಫಲಿತಾಂಶ,” ಎಂದರು. “ಥೆರಪಿಸ್ಟ್ ಈಗ ಸ್ವತಂತ್ರವಾಗಿ ಕಾಫಿ ಮಾಡಬಲ್ಲ. ರೋಗಿ ಮಾಡಿಸಬಲ್ಲರು.”

ಅವನಿಗೆ ಹೆಚ್ಚು ನೋವಾದದ್ದು ಬೇರೆ ಸಂಗತಿಯಿಂದ. ಕನ್ನಡದ ಗಂಧವಿಲ್ಲದ ರೋಹಾನಾ ಜೊತೆಗಿದ್ದ ದಿನ ಇದೇ ರತ್ನಮ್ಮ ಸೆರಗು ತಾವೇ ಸರಿಮಾಡಿಕೊಳ್ಳುತ್ತಿದ್ದರು, ಚಪ್ಪಲಿ ತಾವೇ ಹಾಕಿಕೊಳ್ಳುತ್ತಿದ್ದರು. ಕೇಳಲು ಭಾಷೆ ಇಲ್ಲದಿದ್ದರೆ ಅವರಿಗೆ ಎಲ್ಲವೂ ಬರುತ್ತಿತ್ತು.

“ಮನೆಯಲ್ಲಿ ನಿನ್ನ ಕಾಫಿ ಯಾರು ಮಾಡುತ್ತಾರೆ?” ರೋಹಾನಾ ಕೇಳಿದರು.

“ಅಮ್ಮ.”

“ಮಕಾನ್?”

ಮಕಾನ್ ಎಂದರೆ ಊಟ. ಅದಕ್ಕೂ ಅಮ್ಮನೇ. ಅಂಗಿ, ಹಾಸಿಗೆ, ಬುತ್ತಿ, ಎಲ್ಲಕ್ಕೂ ಅದೇ ಉತ್ತರ ಬಂದಾಗ ರೋಹಾನಾ ಪೆನ್ನು ಕೆಳಗಿಟ್ಟರು. “ಮುಂದಿನ ಪರೀಕ್ಷೆಯವರೆಗೆ ಅಮ್ಮನ ಸಹಾಯ ಬೇಡ. ಒಬ್ಬರು ಕೈ ಹಿಂದಕ್ಕೆ ತೆಗೆದುಕೊಂಡರೆ ಇನ್ನೊಬ್ಬರಿಗೆ ಹೇಗಿರುತ್ತದೆ ಎಂದು ಮೊದಲು ನೀನು ತಿಳಿ.”

ಹೆಲೆನ್‌ಗೆ ಈ ಸುದ್ದಿ ಹಿಡಿಸಲಿಲ್ಲ.

“ನಿನ್ನ ಅಂಗಿಗೆ ಇಸ್ತ್ರಿ ಹಾಕಿದ್ರೆ ಅವರ ಗಂಟು ಎಂತ ಹೋಗುವುದು? ನಾನೇನು ಸತ್ತಿದ್ದೇನಾ?”

“ಇದು ಹೋಮ್‌ವರ್ಕ್ ಅಮ್ಮ. ನೀವು ಟೀಚರ್ ಆಗಿದ್ದವರು.”

ಹೋಮ್‌ವರ್ಕ್ ಎಂಬ ಶಬ್ದಕ್ಕೆ ಹೆಲೆನ್ ತಲೆಬಾಗಿದರು. ಅಂದಿನಿಂದ ಅವರು ಮಾಡಿದ್ದು ನೋಡುವ ಕೆಲಸ ಮಾತ್ರ. ಅಂಗಿಯ ತೋಳಿನ ಮೇಲೆ ಎರಡೆರಡು ಮಡಿಕೆ ಬಿದ್ದದ್ದನ್ನು ನೋಡಿದರು. ಅನ್ನ ತಳ ಹಿಡಿದದ್ದನ್ನು ನೋಡಿದರು. ನಿಟ್ಟುಸಿರು ಮಾತ್ರ ಬಿಟ್ಟರು. ನಿಟ್ಟುಸಿರು ಸಹಾಯದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರ ವಾದ.

ಎರಡನೆಯ ಪರೀಕ್ಷೆಯ ದಿನ ವಿನ್‌ಸ್ಟನ್ ತಾನೇ ಬುತ್ತಿ ಕಟ್ಟಿಕೊಂಡ, ಅದನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟ.

ಕೇಂದ್ರದ ಅಡುಗೆಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಡಬ್ಬಿ ಜಾರದಂತೆ ಅದರಡಿಗೆ ಒದ್ದೆ ಬಟ್ಟೆ ಹಾಸಿದ್ದ. ಈ ಸಲ ಏನಾದರೂ ಸರಿ, ಕೈ ಬಿಚ್ಚುವುದಿಲ್ಲ ಎಂದು ಎರಡೂ ಕೈಯನ್ನು ಬೆನ್ನ ಹಿಂದೆ ಹೆಣೆದು ನಿಂತ. ರತ್ನಮ್ಮ ಅವನ ನಿಲುವು ನೋಡಿದರು, ಕುರ್ಚಿ ಎಳೆದು ಕೂತರು.

“ಅಜ್ಜಿ, ಕಾಫಿ...”

“ನಂಗೆ ಬೇಡ.”

“ಸ್ವಲ್ಪ ಪ್ರಯತ್ನಿಸಿ.”

“ಬೇಡ ಅಂದ್ರೆ ಬೇಡ ಕಣಪ್ಪ. ಬಲವಂತವಾ?”

ರೋಹಾನಾ ಗಡಿಯಾರ ನೋಡಿದರು. ಕೈ ಕಟ್ಟಿ ನಿಲ್ಲುವುದನ್ನು ವಿನ್‌ಸ್ಟನ್ ಪೂರ್ತಿ ಕಲಿತಿದ್ದ. ಪಕ್ಕದಲ್ಲಿ ರತ್ನಮ್ಮನೂ ಕೈ ಕಟ್ಟಿಯೇ ಕೂತಿದ್ದರು. ಈ ಲೆಕ್ಕದಲ್ಲಿ ಅವನ ಪದವಿ ಆ ಅಡುಗೆಮನೆಯಲ್ಲೇ ಮುಗಿಯುವುದಿತ್ತು.

ಆಗ ಬಾಗಿಲಲ್ಲಿ ಬುತ್ತಿ ಹಿಡಿದು ಹೆಲೆನ್ ಕಾಣಿಸಿಕೊಂಡರು.

“ಎಂತ ನೋಡ್ತಿ? ಮೇಜಿನ ಮೇಲೆ ಬಿಟ್ಟದ್ದು ನೀನೇ. ನೀನು ಬಿಟ್ಟು ಹೋಗುವುದನ್ನು ನೋಡಿಯೂ ನಾನು ಸುಮ್ಮನಿದ್ದೆ. ಹೇಳಿದ್ರೆ ಸಹಾಯ ಆಗ್ತಿತ್ತಲ್ಲ. ಮತ್ತೆ ಕೊಡ್ಲಿಕ್ಕೆ ಬಂದದ್ದು. ಅದು ಬೇರೆ ವಿಷಯ.”

ಹೊಸಬರ ಬಾಯಿಂದ ಕನ್ನಡ ಕಿವಿಗೆ ಬಿದ್ದದ್ದೇ ರತ್ನಮ್ಮ ಎದ್ದು ನಿಂತರು. “ನೀವು ಇವನ ತಾಯಿನಾ? ಬಾಗಿಲಲ್ಲೇ ಯಾಕಮ್ಮ ನಿಂತ್ರಿ, ಬನ್ನಿ ಬನ್ನಿ. ಎಷ್ಟು ದೂರದಿಂದ ಬಂದ್ರೋ ಏನೋ, ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ.”

ಅಷ್ಟು ಹೇಳಿದವರು ಹೆಲೆನ್‌ರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ಸಕ್ಕರೆ ಡಬ್ಬಿಯ ಕಡೆ ಹೋದರು. ಬಂದವರನ್ನು ಬಾಯಿ ಒಣಗಿಸಿ ಕಳಿಸುವ ಮನೆತನ ಅವರದಲ್ಲ. ಅದು ತಮ್ಮ ಮನೆಯೇ ಅಲ್ಲ ಎಂಬುದು ಅವರಿಗೆ ಮುಖ್ಯವಾಗಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಎಡಗೈಯಿಂದ ಮುಚ್ಚಳ ಎಬ್ಬಿಸಿದರು. ಹಾಲಿನ ಪೊಟ್ಟಣವನ್ನು ಮೊಣಕೈ ಅಡಿಯಲ್ಲಿ ಅದುಮಿ ಕತ್ತರಿಸಿದರು. ಒದ್ದೆ ಬಟ್ಟೆಯನ್ನು, ಇದೇನು ಹೊಲಸು ಎಂಬಂತೆ, ಪಕ್ಕಕ್ಕೆ ಎಸೆದರು.

ವಿನ್‌ಸ್ಟನ್‌ಗೆ ಆಗ ಎರಡು ವಿಷಯ ಒಟ್ಟಿಗೆ ಹೊಳೆದವು. ರತ್ನಮ್ಮ ಜೀವಮಾನದಲ್ಲಿ ತಮಗಾಗಿ ಒಲೆ ಹಚ್ಚಿದವರಲ್ಲ. ಮತ್ತು ಅವನಮ್ಮ ಕುರ್ಚಿಯ ತುದಿಗೆ ಸರಿದಿದ್ದಾರೆ.

ಒಲೆಯ ಮೇಲೆ ಹಾಲು ಏರತೊಡಗಿತ್ತು. ರತ್ನಮ್ಮ ಲೋಟ ಹುಡುಕುತ್ತ ಅತ್ತ ತಿರುಗಿದ್ದರು.

“ಹಾಲು, ಹಾಲು,” ಎಂದು ಹೆಲೆನ್ ಅರ್ಧ ಎದ್ದರು. ವಿನ್‌ಸ್ಟನ್ ಹುಟ್ಟಿದ ಮೇಲೆ ಮೊದಲ ಬಾರಿಗೆ ತಾಯಿಯ ಮಣಿಕಟ್ಟು ಹಿಡಿದು ಕೂರಿಸಿದ.

“ಬಿಡು ಮಾರಾಯಾ, ಉಕ್ಕುತ್ತದೆ.”

“ಉಕ್ಕಲಿ ಅಮ್ಮ.”

ರತ್ನಮ್ಮ ತಿರುಗಿದರು. ಎಡಗೈಯಲ್ಲಿ ಲೋಟವಿತ್ತು. ತಿಂಗಳುಗಳಿಂದ ಹೊಟ್ಟೆಗೆ ಅಂಟಿಕೊಂಡೇ ಇದ್ದ ಬಲಗೈ, ಯಾರೂ ಹೇಳದೆ, ನಡುಗುತ್ತ ಒಲೆಯ ಗುಂಡಿಯವರೆಗೆ ಹೋಗಿ ಅದನ್ನು ತಿರುಗಿಸಿತು. ಅಷ್ಟರಲ್ಲಿ ಪಾತ್ರೆಯ ಸುತ್ತ ಹಾಲು ಚೆಲ್ಲಿತ್ತು.

“ಉಕ್ಕಿದ್ದು ಒಳ್ಳೇದಾಯ್ತು ಬಿಡಿ,” ಎಂದರು ರತ್ನಮ್ಮ. “ಈ ಅಡುಗೆಮನೆಗೆ ಇನ್ನೂ ಗೃಹಪ್ರವೇಶ ಆಗಿರ್ಲಿಲ್ಲ ಅನ್ಸುತ್ತೆ.”

ಹೆಲೆನ್‌ಗೆ ಒಂದು ಲೋಟ, ರೋಹಾನಾಗೆ ಒಂದು, ವಿನ್‌ಸ್ಟನ್‌ಗೆ ಒಂದು. ಲೋಟಗಳು ಒಂದೊಂದಾಗಿ ಮೇಜಿಗೆ ಬಂದವು, ತುಸು ತುಳುಕಿದರೂ ಬಂದವು. ರೋಹಾನಾ ಕುಡಿದು, “ಅವರ ಲೋಟ ಎಲ್ಲಿ?” ಎಂದರು. ವಿನ್‌ಸ್ಟನ್ ಅದನ್ನೇ ಕನ್ನಡದಲ್ಲಿ ಕೇಳಿದ.

“ನಾನೆಲ್ಲಿ ಕುಡೀತೀನಿ? ಗ್ಯಾಸ್ಟ್ರಿಕ್ ಕಣಪ್ಪ, ಕಾಫಿ ಬಿಟ್ಟು ಯಾವ ಕಾಲ ಆಯ್ತೋ.”

“ಮೊದಲೇ ಹೇಳಬಾರದಿತ್ತೇ ಅಜ್ಜಿ?”

“ನೀನು ಕೇಳಿದ್ರೆ ತಾನೆ. ಕಾಫಿ ಮಾಡಿ ಅಂದೆ. ಹುಡುಗನಿಗೆ ಆಸೆ ಆಗಿದೆ ಅಂತ ಮಾಡಿಸಿ ಕುಡಿಸ್ದೆ.”

ರೋಗಿಗೆ ಏನು ಇಷ್ಟ ಎಂದು ಮೊದಲು ಕೇಳಬೇಕೆಂಬುದು ಈ ವಿದ್ಯೆಯ ಮೊದಲನೆಯ ಪಾಠ. ಅದರಲ್ಲಿ ವಿನ್‌ಸ್ಟನ್‌ಗೆ ಒಳ್ಳೆಯ ಅಂಕಗಳು ಬಂದಿದ್ದವು. ಈಗ ಅವನು ಆ ಮಾತನ್ನು ಬಿಡದೆ ರೋಹಾನಾಗೆ ಅನುವಾದಿಸಿದ. ಮುಚ್ಚಿಡಬಹುದಿತ್ತು. ಅಲ್ಲಿ ಕನ್ನಡ ಬಲ್ಲ ಪರೀಕ್ಷಕರು ಯಾರೂ ಇರಲಿಲ್ಲ. ಹೇಳಿದ ಮೇಲೆ ಕಿವಿಯವರೆಗೂ ಕೆಂಪಾಗಿ ತೀರ್ಪಿಗೆ ಕಾದ.

ರೋಹಾನಾ ಲೋಟದಲ್ಲಿ ಉಳಿದದ್ದನ್ನು ಮುಗಿಸಿದರು.

“ಕೆಲಸ ಆರಿಸಿದ್ದು ತಪ್ಪು. ಆದರೆ ರೋಗಿ ಕೆಲಸ ಮುಗಿಸಿದರು, ಬಲಗೈ ಬಳಸಿದರು. ನೀನು ರೋಗಿಯನ್ನು ಮುಟ್ಟಲಿಲ್ಲ, ಅಮ್ಮನನ್ನು ಮಾತ್ರ ಮುಟ್ಟಿದೆ. ಪಾಸ್ ಲಾ.” ಆಮೇಲೆ ಹೆಲೆನ್ ಕಡೆ ತಲೆಯಾಡಿಸಿ, “ಆ ರೋಗಿಗೆ ಇನ್ನೂ ಸಮಯ ಬೇಕು,” ಎಂದರು.

ಸಂಜೆ ಮನೆಗೆ ಬಂದೊಡನೆ ಹೆಲೆನ್ ಅಡುಗೆಮನೆಯ ಕಡೆ ಹೊರಟರು.

“ನಾನು ಮಾಡ್ತೇನೆ, ಇಬ್ಬರಿಗೂ,” ಎಂದ ವಿನ್‌ಸ್ಟನ್. ಆಮೇಲೆ ನೆನಪಾಗಿ, “ನಿಮಗೆ ಕಾಫಿ ಇಷ್ಟವಾ ಅಮ್ಮ?” ಎಂದು ಕೇಳಿದ.

ಹೆಲೆನ್ ಅಡುಗೆಮನೆಯ ಬಾಗಿಲಲ್ಲೇ ನಿಂತರು. “ಚಾ,” ಎಂದರು.

ಅವನು ಒಂದು ಕಪಾಟು ತೆರೆದ. ಬಟ್ಟಲುಗಳು. ಇನ್ನೊಂದು ತೆರೆದ. ಬೇಳೆ, ಹುಣಸೆಹಣ್ಣು. ಆ ಮನೆಯಲ್ಲಿ ಸಕ್ಕರೆ ಎಲ್ಲಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹೆಲೆನ್‌ಗೆ ಗೊತ್ತಿತ್ತು. ಅವರು ಕುರ್ಚಿಯಲ್ಲಿ ಕೂತು, ಎರಡೂ ಅಂಗೈಗಳನ್ನು ತೊಡೆಯಡಿಗೆ ತಳ್ಳಿ, ತುಟಿ ಬಿಗಿದುಕೊಂಡು, ಅವನು ಮೂರನೆಯ ಕಪಾಟಿನ ಕಡೆ ನಡೆಯುವುದನ್ನು ನೋಡಿದರು.