ಹತ್ತು ಅಂಕಿಯ ಅಪ್ಪ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲ್ಲೂಕಿನಲ್ಲಿ ಅಪ್ಪನ ಮುಖ ಕಂಡವರಿಗಿಂತ ಸ್ವರ ಕೇಳಿದವರೇ ಹೆಚ್ಚು. ನಾಟಕ, ಕಣ್ಣಿನ ತಪಾಸಣೆ, ಸೀರೆಯ ರಿಯಾಯಿತಿ ಮಾರಾಟ, ನಾಳೆ ನಲ್ಲಿ ನೀರಿಲ್ಲ ಎಂಬ ಸುದ್ದಿ, ಏನಿದ್ದರೂ ಜೀಪಿನ ನೆತ್ತಿಯ ಮೇಲಿನ ಎರಡು ಮೈಕಿನ ಕಹಳೆಗಳಿಂದ ಅಪ್ಪನೇ ಹೇಳಬೇಕು. "ಇಂದು ಸಂಜೆ" ಎಂದು ಹೇಳಿ ನಿಲ್ಲಿಸುತ್ತಿದ್ದ. ಎಷ್ಟು ಹೊತ್ತು ನಿಲ್ಲಿಸುತ್ತಾನೆಂದು ಪಕ್ಕದಲ್ಲೇ ಕೂತ ಡ್ರೈವರಣ್ಣನಿಗೂ ಗೊತ್ತಿರುತ್ತಿರಲಿಲ್ಲ. ಅಂಗಡಿಯಲ್ಲಿ ತಕ್ಕಡಿ ಎತ್ತಿದವನ ಕೈ ಹಾಗೇ ನಿಲ್ಲುತ್ತಿತ್ತು. ಆಮೇಲೆ ಬರುತ್ತಿತ್ತು, "ಸರಿಯಾಗಿ ಏಳು ಗಂಟೆಗೆ!"

ನಾನು ಆ ಸ್ವರವನ್ನು ಅಣಕಿಸಿಯೇ ದೊಡ್ಡವನಾದವನು. ಅಪ್ಪನೊಬ್ಬನನ್ನೇ ಅಲ್ಲ, ಬಸ್ಸಿನ ಕಂಡಕ್ಟರು, ಪುರೋಹಿತರು, ಕಾಲೇಜಿನ ಗುರುಗಳು, ಯಾರನ್ನೂ ಬಿಡುತ್ತಿರಲಿಲ್ಲ, ನೆಗಡಿಯಲ್ಲಿ ಮೂಗು ಕಟ್ಟಿದ ನನ್ನನ್ನು ಕೂಡ. ನನ್ನ ಸ್ವಂತ ಸ್ವರ ಮಾತ್ರ ಎಣ್ಣೆ ಕಾಣದ ಬಾಗಿಲಿನದು, ಅದನ್ನು ಆದಷ್ಟು ಹೊರಗೆ ಬಿಡುತ್ತಿರಲಿಲ್ಲ. ಅಪ್ಪನನ್ನು ಮಾಡುವಾಗ ಮೊದಲು ಒಂದು ಕೆಮ್ಮು ಹಾಕಬೇಕು. ಕೆಮ್ಮಿದ ಕೂಡಲೇ ಜನ ಬಿದ್ದು ನಗುತ್ತಿದ್ದರು.

"ಎನ್ನ ಸ್ವರದಲ್ಲಿ ಇಷ್ಟೆಲ್ಲ ಕೆಮ್ಮು ಇದ್ದನ ಮಾಣಿ?" ಎಂದು ಅಪ್ಪ ಎಲೆಅಡಿಕೆಯ ಕವಳ ತುಂಬಿದ ಬಾಯಲ್ಲೇ ಕೇಳಿದ್ದ.

"ಇದ್ದು. ನಿಂಗೆ ಕೇಳ್ತಿಲ್ಲೆ ಅಷ್ಟೇ" ಎಂದಿದ್ದೆ.

ಹೆಚ್ಚುಕಡಿಮೆ ಒಂದು ವರ್ಷ ಆ ಕೆಮ್ಮಿಗೆ ಚಪ್ಪಾಳೆ ಗಿಟ್ಟಿಸಿದೆ. ಅದನ್ನು ಯಾರಾದರೂ ಡಾಕ್ಟರಿಗೆ ತೋರಿಸಬೇಕಿತ್ತು ಎಂದು ಮಾತ್ರ ಹೊಳೆಯಲಿಲ್ಲ. ತೋರಿಸಿದಾಗ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು.

ಆಗ ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಪ್ರಾಜೆಕ್ಟು ಮಾತನ್ನು ಕಂಪ್ಯೂಟರಿನ ಅತಿ ಕಡಿಮೆ ಜಾಗದಲ್ಲಿ ತುಂಬುವುದು. ಆಪರೇಷನ್ನಿಗೆ ಹೋಗುವ ಮುಂಚೆ ಅಪ್ಪ ನನ್ನನ್ನು ಕೂರಿಸಿಕೊಂಡು ಹೇಳಿದ: "ರೈಲ್ವೆ ಸ್ಟೇಷನ್ನಲ್ಲಿ ಒಂದು ಹೆಂಗಸು ಒಂದೊಂದೇ ಶಬ್ದ ಸೇರ್ಸಿ ಗಾಡಿ ಬಂತು ಹೇಳ್ತಲ, ಹಾಂಗೆ ಎನ್ನದೂ ಮಾಡು. ಎನಗೆ ಮಾತು ಬರದೇ ಹೋದ್ರೂ ಎನ್ನ ಸ್ವರ ಜೀಪಲ್ಲಿ ಕೂತ್ಗಂಡು ತಿರಗ್ಲಿ."

ಮಧ್ಯಾಹ್ನದ ಊಟವಾದ ಮೇಲೆ ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಹಾಸಿಗೆ ಒಡ್ಡಿ, ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕ್ಯಾಸೆಟ್ಟಿಗೆ ಅಪ್ಪನನ್ನು ತುಂಬಿದೆ. ವಾರಗಳು, ಗಂಟೆಗಳು, ಕಾನಸೂರು, ಬನವಾಸಿ, ಇಡಗುಂದಿ, ತಾಯಂದಿರೇ, ಮಹನೀಯರೇ. ಸ್ವರ ಅಲ್ಲಲ್ಲಿ ಒಡೆಯುತ್ತಿತ್ತು. "ಇಂದು ಸಂಜೆ" ಎಂದು ಹೇಳಿ ಅಪ್ಪ ಎಂದಿನಂತೆ ನಿಲ್ಲಿಸಿದ.

"ನಿಲ್ಸದು ಬ್ಯಾಡ. ಮಧ್ಯದ ಖಾಲಿ ಜಾಗ ಆಮೇಲೆ ಆನೇ ಹಾಕ್ತೆ" ಎಂದೆ.

"ಎಷ್ಟು ಹೊತ್ತಿಂದು?"

"ಅರ್ಧ ಸೆಕೆಂಡು."

"ಎಲ್ಲದಕ್ಕೂ?"

ನಾನು ಹೂಂ ಎಂದೆ. ಅಪ್ಪ ನನ್ನ ಮುಖವನ್ನೊಮ್ಮೆ ನೋಡಿ, ಮುಂದಿನ ಶಬ್ದಕ್ಕೆ ಹೋದ.

ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ ನಾನು ಆ ಕ್ಯಾಸೆಟ್ಟನ್ನು ಕಾಲೇಜಿನ ಕಂಪ್ಯೂಟರಿಗೆ ಇಳಿಸಿಕೊಂಡು ಅದರ ಮುಂದೆ ಕೂತಿದ್ದೆ. ನಾನು ಮಾಡುತ್ತಿದ್ದ ವಿಧಾನ ಹೀಗೆ. ಸ್ವರವನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆಯುತ್ತೇವೆ. ಆದರೆ ಗಂಟಲು, ನಾಲಗೆ, ತುಟಿ ಅಷ್ಟು ಬೇಗ ಆಕಾರ ಬದಲಿಸುವುದಿಲ್ಲ. ಹಿಂದಿನ ಹತ್ತು ಅಳತೆ ನೋಡಿದರೆ ಮುಂದಿನದು ಸುಮಾರಾಗಿ ಎಷ್ಟೆಂದು ಊಹಿಸಬಹುದು. ಹಾಗೆ ಊಹಿಸಲು ಬೇಕಾದ ಹತ್ತು ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುವುದು. ಅವೇ ಬಾಯಿಯ ಆಕಾರ. ಇದು ನಾದವೋ ಬರೀ ಗಾಳಿಯೋ, ನಾದವಾದರೆ ಶ್ರುತಿ ಎಷ್ಟು, ಜೋರು ಎಷ್ಟು ಎಂದು ಪಕ್ಕದಲ್ಲಿ ಬರೆದಿಟ್ಟರೆ ಮುಗಿಯಿತು. ಮತ್ತೆ ಮಾತು ಬೇಕಾದಾಗ ಯಂತ್ರವೇ ಜೀರುಂಡೆಯಂತೆ ಗುಂಯ್ ಎನ್ನುತ್ತದೆ, ಅದನ್ನು ಆ ಬಾಯಿಯ ಮೂಲಕ ಹಾಯಿಸಬೇಕು. ಊಹೆಗೂ ನಿಜಕ್ಕೂ ನಡುವೆ ಉಳಿಯುವ ವ್ಯತ್ಯಾಸವನ್ನು ಬಿಸಾಡುವುದು. ಜಾಗ ಉಳಿಯುವುದೇ ಅಲ್ಲಿ.

ಮೂರು ತಾಲ್ಲೂಕು, ಏಳು ವಾರ, ಹನ್ನೆರಡು ಗಂಟೆ, ಎಲ್ಲ ಸೇರಿ ಒಂದು ಫ್ಲಾಪಿಯಲ್ಲಿ ಹಿಡಿಸಿತು. ಗುರುಗಳು ಕೇಳಿ, "ಪ್ರತಿ ಶಬ್ದವೂ ಅರ್ಥವಾಗುತ್ತದಲ್ಲಪ್ಪಾ" ಎಂದು ಬೆನ್ನು ತಟ್ಟಿದರು. ನಾನು ಅವರದೇ ಸ್ವರದಲ್ಲಿ ಥ್ಯಾಂಕ್ಸ್ ಹೇಳಿದೆ. ಕಂಪ್ಯೂಟರಿನಲ್ಲಿ ಜಾಗ ಬೇಕೆಂದು ಮುಂದಿನ ಹುಡುಗರು ಕಾಯುತ್ತಿದ್ದರು, ಅಪ್ಪನ ಮೂಲ ಸ್ವರವಿದ್ದ ದೊಡ್ಡ ಫೈಲುಗಳನ್ನು ಅಳಿಸಿದೆ. ಜೀಪಿನಲ್ಲಿ ಇದ್ದದ್ದು ಕ್ಯಾಸೆಟ್ ಪ್ಲೇಯರು. ಹಾಗಾಗಿ ಮೊದಲ ನಾಟಕದ ಪ್ರಕಟಣೆಯನ್ನು ಜೋಡಿಸಿ, ಆ ಒಳ್ಳೆಯ ಕ್ಯಾಸೆಟ್ಟಿನ ಮೇಲೆಯೇ, ಹಳೆಯ ಅಪ್ಪನ ಮೇಲೆಯೇ, ಎರಡೂ ಬದಿ ತುಂಬಿಸಿದೆ. ಅಪ್ಪ ಹೇಗೂ ಫ್ಲಾಪಿಯಲ್ಲಿ ಭದ್ರವಾಗಿದ್ದಾನಲ್ಲ!

ಅಪ್ಪ ಮನೆಗೆ ಬಂದ. ಕುತ್ತಿಗೆಯಲ್ಲಿ ತೂತು, ಕೈಯಲ್ಲಿ ನನ್ನ ಒಂದನೇ ಕ್ಲಾಸಿನ ಸ್ಲೇಟು. ಡ್ರೈವರಣ್ಣ ಅಂಗಳದಲ್ಲಿ ಜೀಪು ನಿಲ್ಲಿಸಿ ಕ್ಯಾಸೆಟ್ ಹಾಕಿದ. ಇಂದು ಸಂಜೆ. ಅರ್ಧ ಸೆಕೆಂಡು. ಸರಿಯಾಗಿ. ಅರ್ಧ ಸೆಕೆಂಡು. ಏಳು ಗಂಟೆಗೆ. ಸ್ವರ ಒಡೆದ ಜಾಗವನ್ನೆಲ್ಲ ಯಂತ್ರ ಬರೀ ಗಾಳಿ ಎಂದು ಬರೆದುಕೊಂಡಿತ್ತು, ಅಲ್ಲೆಲ್ಲ ಉಸ್ ಎನ್ನುತ್ತಿತ್ತು.

"ಏ ತಮ್ಮಾ, ಇದೇನೋ ಡಬ್ಬ್ಯಾಗ ಕುಂತು ಮಾತಾಡಿದಂಗ ಐತಲ್ಲೋ?" ಎಂದ ಡ್ರೈವರಣ್ಣ. ಅವನು ಬನವಾಸಿಯಾಚೆಯವನು, ಬಾಯಿಗೆ ತಡೆಯಿಲ್ಲ. "ಬಾಯಿ ಅಣ್ಣಾರ್ದ ಐತಿ. ಅಣ್ಣಾರ ಇಲ್ಲ."

ಅಪ್ಪ ಸ್ಲೇಟಿನಲ್ಲಿ ನಿಧಾನಕ್ಕೆ ಬರೆದು ನನ್ನತ್ತ ತಿರುಗಿಸಿದ: "ಇಂವ ಯಾರು?"

ಹಳೆಯ ಕ್ಯಾಸೆಟ್ ಹಾಕು ಎಂದು ಕೈಸನ್ನೆ ಮಾಡಿದ. ಅದೇ ಇದು ಎಂದು ಹೇಳಬೇಕಾಯಿತು. ಏನಾಗಿದೆಯೆಂದು ನನಗೆ ಬೇಕಾದರೆ ಬೋರ್ಡಿನ ಮೇಲೆ ಬರೆದು ತೋರಿಸಲು ಬರುತ್ತಿತ್ತು. ಊಹೆಗೆ ಸಿಕ್ಕಿದ ಅಪ್ಪನನ್ನು ಇಟ್ಟುಕೊಂಡು, ಸಿಗದ ಅಪ್ಪನನ್ನು ಒಗೆದಿದ್ದೆ. ಹತ್ತು ಅಂಕಿಗಳಿಂದ ಆ ಉಳಿಕೆಯನ್ನು ಮರಳಿ ಪಡೆಯುವ ಲೆಕ್ಕವಿಲ್ಲ. ಒಂದು ವಾರ ಫ್ಲಾಪಿಯನ್ನು ಹಿಂದೆ ಮುಂದೆ ಮಾಡಿ ನೋಡಿದೆ, ಇಲ್ಲ.

"ನೀನೇ ಹೇಳು ತಮಾ. ಅಪ್ಪನ ಹಾಂಗೆ ನಿಂಗೆ ಬತ್ತಲ" ಎಂದಳು ಆಯಿ, ನನ್ನ ತಾಯಿ.

ಬರುತ್ತದೆ ಎಂದೇ ನಾನೂ ತಿಳಿದಿದ್ದೆ. ಮರುದಿನ ಕಾನಸೂರಿನಲ್ಲಿ ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೈಕು ಹಿಡಿದೆ. ಕೆಮ್ಮಿದೆ. "ಇಂದು ಸಂಜೆ" ಎಂದೆ. ಚಾ ಅಂಗಡಿಯ ಮುಂದಿದ್ದವರು ಹೋ ಎಂದು ನಕ್ಕರು. ಒಬ್ಬ ಕೂಗಿದ, "ಮಗ ಅಪ್ಪನ್ನ ಅಣಕಿಸ್ತಾ ಇದ್ದ ನೋಡ್ರೋ!" ಇನ್ನೊಂದು ಸಲ ಹೇಳಿದೆ, ಇನ್ನೂ ಜೋರಾಗಿ ನಕ್ಕರು. ನನ್ನ ಬಳಿ ಇದ್ದದ್ದೂ ಅಷ್ಟೇ: ಒಂದು ಕೆಮ್ಮು, ಒಂದು ಎಳೆತ, ಗುರುತು ಸಿಗುವಷ್ಟು. ನಗಿಸಲು ಇಲ್ಲಿಯವರೆಗೆ ಅದು ಸಾಕಾಗಿತ್ತು.

ಅಪ್ಪನೂ ನಕ್ಕ. ಬಾಯಿ ತೆರೆಯಿತು, ಭುಜ ಕುಣಿಯಿತು, ಕುತ್ತಿಗೆಯ ತೂತಿನಿಂದ ಗಾಳಿ ಮಾತ್ರ ಬಂತು. ಹಾಗೆ ನಗುವವನನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇಡಗುಂದಿಗೆ ಹೋಗೂದೈತ್ರೀ. ಅಲ್ಲಿ ಯಾರು ಹೇಳ್ತೀರಿ?" ಎಂದು ಡ್ರೈವರಣ್ಣ ಕೇಳಿದ. ಯಾರ ಕಡೆ ನೋಡಿ ಕೇಳಬೇಕೆಂದು ಅವನಿಗೂ ತಿಳಿಯಲಿಲ್ಲ.

ಇಡಗುಂದಿಯ ಮೊದಲ ಮನೆ ಕಂಡಾಗ ಅಪ್ಪ ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದ. ಕೆಮ್ಮು ಗಂಟಲಿನ ತನಕ ಬಂತು, ನುಂಗಿದೆ. ಇಂದು ಸಂಜೆ ಸರಿಯಾಗಿ ಏಳು ಗಂಟೆಗೆ ಎಂದು, ಎಣ್ಣೆ ಕಾಣದ ಬಾಗಿಲಿನಂಥ ನನ್ನದೇ ಸ್ವರದಲ್ಲಿ, ಒಂದೇ ಉಸಿರಿಗೆ ಹೇಳಿದೆ. ಯಾರೂ ನಗಲಿಲ್ಲ, ಯಾವ ಕೈಯೂ ನಿಲ್ಲಲಿಲ್ಲ. ಪ್ರತಿ ಶಬ್ದವೂ ಅರ್ಥವಾಗುತ್ತಿತ್ತು.